ಇಬ್ಬರಿದ್ದರಷ್ಟೇ ಸಿಡಿಯುವ ಪಟಾಕಿ

ಕ್ರ್ಯಾಕರ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ. ಒಂದು ದೀಪಾವಳಿಯ ಪಟಾಕಿ, ಇನ್ನೊಂದು ಚಹಾದ ಜೊತೆ ತಿನ್ನುವ ಉಪ್ಪು ಬಿಸ್ಕತ್ತು. ಬ್ರಿಟನ್ನಿನಲ್ಲಿ ಡಿಸೆಂಬರ್ ಬಂತೆಂದರೆ ಈ ಪದಕ್ಕೆ ಮೂರನೆಯ ಅರ್ಥವೂ ಇದೆ. ಚಾಕೊಲೇಟಿನ ಹಾಗೆ ಎರಡೂ ಕಡೆ ಹಿಸುಕಿ ಕಟ್ಟಿದ, ಒಂದು ಅಡಿ ಉದ್ದದ ಬಣ್ಣದ ಕಾಗದದ ಕೊಳವೆ ಅದು. ಕ್ರಿಸ್‌ಮಸ್ ದಿನ ಊಟದ ಮೇಜಿನ ಮೇಲೆ ಪ್ರತಿ ತಟ್ಟೆಯ ಪಕ್ಕ ಒಂದೊಂದು ಇಟ್ಟಿರುತ್ತಾರೆ. ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ಪಕ್ಕದವರ ಕೈಯಲ್ಲಿ. ಎಳೆದರೆ ‘ಪಟ್’ ಅಂತ ಸದ್ದಾಗಿ ಕಾಗದ ಹರಿಯುತ್ತೆ. ದೊಡ್ಡ ತುಂಡು ಯಾರ ಕೈಗೆ ಬಂತೋ ಒಳಗಿರುವುದೆಲ್ಲ ಅವರದ್ದು. ಅಂದರೆ ತೆಳು ಕಾಗದದ ಒಂದು ಕಿರೀಟ, ಒಂದು ಪುಟ್ಟ ಉಡುಗೊರೆ, ಒಂದು ಚೀಟಿ. ಚೀಟಿಯಲ್ಲಿ ಕೇಳಿದರೆ ನಗುವ ಬದಲು ನರಳಬೇಕು ಅನ್ನಿಸುವಂಥ ಜೋಕು.

ಕಿರೀಟ ಹಾಕಿಕೊಳ್ಳಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ವರ್ಷವಿಡೀ ಗಂಭೀರವಾಗಿ ಸ್ಪ್ರಿಂಟ್ ಪ್ಲ್ಯಾನಿಂಗ್ ಮಾಡುವ ನಮ್ಮ ಮ್ಯಾನೇಜರ್ ಟೀಮ್ ಲಂಚಿನಲ್ಲಿ ನೇರಳೆ ಕಿರೀಟ ಹಾಕಿಕೊಂಡು ಆಲೂಗಡ್ಡೆ ಬಡಿಸಿದ್ದನ್ನು ನೋಡಿದ ಮೇಲೆ ನನಗೆ ಈ ವಸ್ತುವಿನ ಮೇಲೆ ವಿಶೇಷ ಗೌರವ ಬಂದುಬಿಟ್ಟಿದೆ.

ಆದರೆ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಮಾಲಿನ ಆಯಸ್ಸು ಎರಡು ನಿಮಿಷ. ಪ್ಲಾಸ್ಟಿಕ್ ಬಾಚಣಿಗೆ, ಯಾವ ಸ್ಕ್ರೂಗೂ ಹೊಂದದ ಸ್ಕ್ರೂಡ್ರೈವರ್, ಮಿಣಮಿಣ ಹೊಳೆಯುವ ಹೊದಿಕೆ, ಎಲ್ಲವೂ ಊಟ ಮುಗಿಯುವ ಮುಂಚೆಯೇ ಕಸದ ಬುಟ್ಟಿಗೆ. ಹಾಗಾಗಿ ಇಲ್ಲಿನ ಮೂರನೆಯ ಚಳಿಗಾಲದಲ್ಲಿ ನಾನೂ ನನ್ನ ಗಂಡನೂ ಚಂದದ ಕಾಗದ ತಂದು ಮನೆಯಲ್ಲೇ ಮಾಡಲು ಕೂತೆವು. ವಿಡಿಯೊ ಕಾಲ್‌ನಲ್ಲಿ ಅಮ್ಮ ಗಾಬರಿಯಾದರು. “ಮನೇಲೇ ಪಟಾಕಿ ಮಾಡ್ತಿದೀಯೇನೇ? ಹುಚ್ಚು ಹಿಡಿದಿದೆಯಾ?”

ಮಿಠಾಯಿ ಅಂಗಡಿಯಲ್ಲಿ ಹುಟ್ಟಿದ್ದು

ಅಮ್ಮನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇದರ ಮೂಲ ಪಟಾಕಿಯಲ್ಲ, ಮಿಠಾಯಿ. ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ ಪ್ಯಾರಿಸ್ಸಿಗೆ ಹೋದಾಗ, ಅಲ್ಲಿ ಸಕ್ಕರೆ ಲೇಪಿಸಿದ ಬಾದಾಮಿಯನ್ನು ತೆಳು ಕಾಗದದಲ್ಲಿ ಸುತ್ತಿ ಎರಡೂ ತುದಿ ತಿರುಚಿ ಮಾರುವುದನ್ನು ಕಂಡ. ಲಂಡನ್ನಿನಲ್ಲೂ ಹಾಗೇ ಮಾರಿದ. ಸಾಮಾನ್ಯವಾಗಿ ಇದಕ್ಕೆ ಕೊಡುವ ಇಸವಿ 1847. ಮಾರಾಟ ಹೆಚ್ಚಲಿ ಅಂತ ಒಳಗೆ ಪ್ರೇಮದ ಸಾಲುಗಳ ಚೀಟಿ ಸೇರಿಸಿದ. ಬೆಂಕಿಗೂಡಿನಲ್ಲಿ ಕೊರಡು ಚಟಪಟ ಸಿಡಿದದ್ದನ್ನು ಕೇಳಿ ಸದ್ದು ಸೇರಿಸುವ ಆಲೋಚನೆ ಬಂತು ಅನ್ನುವುದು ದಂತಕಥೆ. ಸದ್ದು ಬಂದ ಮೇಲೆ ಬಾದಾಮಿ ಹೋಯಿತು, ಆ ಜಾಗಕ್ಕೆ ಪುಟ್ಟ ಉಡುಗೊರೆ ಬಂತು. ಕಾಗದದ ಕಿರೀಟ ಸೇರಿಸಿದ್ದು ಅವನ ಮಗ ವಾಲ್ಟರ್. ಲಂಡನ್ನಿನ ಫಿನ್ಸ್‌ಬರಿ ಸ್ಕ್ವೇರ್‌ನಲ್ಲಿ ಟಾಮ್ ಸ್ಮಿತ್‌ನ ಮಕ್ಕಳು ತಾಯಿಯ ನೆನಪಿಗೆ ಕಟ್ಟಿಸಿದ ಕುಡಿಯುವ ನೀರಿನ ಕಾರಂಜಿ ಇವತ್ತಿಗೂ ನಿಂತಿದೆ.

ಆ ಕಂಪನಿಯ ಬಗ್ಗೆ ಇನ್ನೊಂದು ಕಥೆ ಚಾಲ್ತಿಯಲ್ಲಿದೆ. 1927ರಲ್ಲಿ ಒಬ್ಬಾತ ವಜ್ರದ ಉಂಗುರ, 10 ಶಿಲ್ಲಿಂಗ್ ನೋಟು ಮತ್ತು ಒಂದು ಪತ್ರ ಕಳಿಸಿ, ತಾನು ಮದುವೆಯಾಗಲಿರುವ ಹುಡುಗಿಗಾಗಿ ಉಂಗುರವನ್ನು ಒಂದು ವಿಶೇಷ ಕ್ರ್ಯಾಕರ್‌ನೊಳಗೆ ಇಟ್ಟುಕೊಡಿ ಅಂದನಂತೆ. ಆದರೆ ವಿಳಾಸವನ್ನೇ ಬರೆದಿರಲಿಲ್ಲ, ಮತ್ತೆ ಬರಲೂ ಇಲ್ಲ. ಉಂಗುರ ಕಂಪನಿಯ ತಿಜೋರಿಯಲ್ಲೇ ಉಳಿಯಿತಂತೆ. ಪಾಪ ಅನ್ನಿಸುತ್ತೆ. ಆದರೆ ಕ್ರ್ಯಾಕರ್ ಅಂದರೆ ನಿಜವಾಗಿ ಏನು ಅನ್ನುವುದು ಆತನಿಗೆ ಗೊತ್ತಿತ್ತು. ಅದನ್ನು ಡಜನ್ ಲೆಕ್ಕದಲ್ಲಲ್ಲ, ಇಂಥವರಿಗೆ ಅಂತ ಮಾಡಬೇಕು.

ಆ ‘ಪಟ್’ ಎಲ್ಲಿಂದ?

ಕೊಳವೆಯ ಉದ್ದಕ್ಕೂ ‘ಸ್ನ್ಯಾಪ್’ ಅನ್ನುವ ಒಂದು ಪಟ್ಟಿ ಇರುತ್ತೆ. ಎರಡು ತೆಳು ರಟ್ಟಿನ ಪಟ್ಟಿಗಳು ನಡುವೆ ಒಂದರ ಮೇಲೊಂದು ಕೂತಿರುತ್ತವೆ. ಒಂದರ ಮೇಲೆ ತೀರಾ ಚೂರು ಸಿಲ್ವರ್ ಫುಲ್ಮಿನೇಟ್, ಇನ್ನೊಂದರ ಮೇಲೆ ಒರಟು ಲೇಪ. ಎಳೆದಾಗ ಒಂದಕ್ಕೊಂದು ಉಜ್ಜಿ ಸಿಡಿಯುತ್ತೆ. ದೀಪಾವಳಿಯಲ್ಲಿ ಮಕ್ಕಳು ನೆಲಕ್ಕೆಸೆಯುವ ಪಾಪ್-ಪಾಪ್ ಬಗೆಯ ಪಟಾಕಿಯಲ್ಲೂ ಬಳಸುವ ರಾಸಾಯನಿಕ ಇದು.

ಪಿಯುಸಿ ಕೆಮಿಸ್ಟ್ರಿಯಲ್ಲಿ ಐಸೋಮರ್ ಓದಿದ್ದು ನೆನಪಿದೆಯಾ? ಅದರ ಬೇರು ಇಲ್ಲೇ ಇದೆ. 1820ರ ದಶಕದಲ್ಲಿ ಲೀಬಿಗ್ ಈ ಸಿಲ್ವರ್ ಫುಲ್ಮಿನೇಟನ್ನೂ ವೋಲರ್ ಸಿಲ್ವರ್ ಸಯನೇಟನ್ನೂ ಪರೀಕ್ಷಿಸಿದರು. ಎರಡರಲ್ಲೂ ಬೆಳ್ಳಿ, ಇಂಗಾಲ, ಸಾರಜನಕ, ಆಮ್ಲಜನಕ ತಲಾ ಒಂದೊಂದು ಪರಮಾಣು. ಆದರೂ ಒಂದು ಮುಟ್ಟಿದರೆ ಸಿಡಿಯುತ್ತೆ, ಇನ್ನೊಂದು ಅಂಥದ್ದಲ್ಲ. ಅದೇ ಪರಮಾಣುಗಳು ಬೇರೆ ಕ್ರಮದಲ್ಲಿ ಜೋಡಿಸಿಕೊಂಡರೆ ಬೇರೆಯೇ ವಸ್ತು ಅನ್ನುವ ತಿಳಿವಳಿಕೆಗೆ ಇದೇ ದಾರಿ ಮಾಡಿತು.

ಮುಟ್ಟಿದರೆ ಸಿಡಿಯುವ ವಸ್ತುವಾದ್ದರಿಂದಲೇ ಸ್ನ್ಯಾಪನ್ನು ಮನೆಯಲ್ಲಿ ಮಾಡುವ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನ ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಸಿದ್ಧ ಪಟ್ಟಿಗಳು ಸಿಗುತ್ತವೆ. ಸಿದ್ಧ ಕ್ರ್ಯಾಕರನ್ನೇ 12 ವರ್ಷದೊಳಗಿನವರಿಗೆ ಅಲ್ಲಿ ಮಾರುವಂತಿಲ್ಲ. ವಿಮಾನದಲ್ಲಿ ತರುವ ಆಸೆಯನ್ನೂ ಬಿಡಿ. ಹಲವು ವಿಮಾನ ಸಂಸ್ಥೆಗಳು ಕ್ರ್ಯಾಕರ್ ಒಯ್ಯಲು ಬಿಡುವುದಿಲ್ಲ, ಮನೆಯಲ್ಲಿ ಮಾಡಿದ್ದನ್ನಂತೂ ಸೂಟ್‌ಕೇಸಿಗೆ ಹಾಕಲೇಬೇಡಿ.

ಕಾಗದ ಹರಿಯಬೇಕು

ಅಲಂಕಾರದ ಕಾಗದ ಕೊಳ್ಳುವಾಗ ನಾವು ಸಾಮಾನ್ಯವಾಗಿ ಗಟ್ಟಿಯಾಗಿದೆಯಾ ಅಂತ ನೋಡುತ್ತೇವೆ. ಇಲ್ಲಿ ಲೆಕ್ಕ ಉಲ್ಟಾ. ಇದು ಹರಿಯುವುದಕ್ಕೇ ಹುಟ್ಟಿದ ವಸ್ತು. ನೇಪಾಳದ ಲೋಕ್ತಾ ಕಾಗದ ನೋಡಲು ಎಷ್ಟು ಚಂದ! ಆದರೆ ಅದರ ನಾರು ಉದ್ದ. ಇಬ್ಬರು ಎಳೆದರೂ ಸುಲಭಕ್ಕೆ ಜಗ್ಗುವುದಿಲ್ಲ. ಹತ್ತಿಯಿಂದ ಮಾಡಿದ ದಪ್ಪ ಹ್ಯಾಂಡ್‌ಮೇಡ್ ಕಾಗದ ಹಿಸುಕಿ ಕಟ್ಟುವ ಜಾಗದಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಇವೆರಡನ್ನೂ ನಡುವೆ ಸುತ್ತುವ ಪಟ್ಟಿಗೆ ಇಟ್ಟುಕೊಳ್ಳಿ. ಮೈಗೆ ಬೇಕಾದದ್ದು ಪ್ರಿಂಟರ್ ಹಾಳೆಯಷ್ಟು, ಅಂದರೆ ಸುಮಾರು 80 ಜಿಎಸ್‌ಎಂ ದಪ್ಪದ ಚಿತ್ತಾರದ ಕಾಗದ. ಇಲ್ಲವೇ ಸ್ಕೂಲ್ ಡೇ ಅಲಂಕಾರಕ್ಕೆ ತರುತ್ತಿದ್ದ ಕ್ರೇಪ್ ಕಾಗದ.

ಇನ್ನೊಂದು ಪರೀಕ್ಷೆ ಇದೆ. ಕಾಗದದ ಒಂದು ತುಂಡನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮುದುಡಿದಂತೆಯೇ ಉಳಿದರೆ ಸರಿ. ತಾನಾಗಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರ ಇರುವ ಸಾಧ್ಯತೆ ಹೆಚ್ಚು, ಮರುಬಳಕೆಗೆ ಹೋಗುವುದಿಲ್ಲ. ಗ್ಲಿಟರ್ ಇದ್ದರೂ ಅಷ್ಟೇ.

ಮಾಡುವ ಕ್ರಮ

ಒಂದು ಕ್ರ್ಯಾಕರ್‌ಗೆ ಒಂದು ಎ4 ಹಾಳೆ, ಟಾಯ್ಲೆಟ್ ಪೇಪರ್ ಸುರುಳಿಯ 2 ರಟ್ಟಿನ ಕೊಳವೆ, ದಾರ, ಅಂಟು, ಒಂದು ಸ್ನ್ಯಾಪ್ ಸಾಕು.

1. ಹಾಳೆಯ ಅಗಲವನ್ನು 21ರಿಂದ 17 ಸೆಂ.ಮೀ.ಗೆ ಇಳಿಸಿ. ಸುತ್ತು ಹೆಚ್ಚಾದಷ್ಟೂ ಹರಿಯುವುದು ಕಷ್ಟ. ಉಳಿದ ಪಟ್ಟಿಯಲ್ಲಿ ಹೆಸರಿನ ಚೀಟಿ ಮಾಡಬಹುದು.

2. ಚಿತ್ತಾರ ಕೆಳಗಿರುವಂತೆ ಹಾಳೆ ಹಾಸಿ. ಉದ್ದಕ್ಕೆ ನಡುವೆ ಸ್ನ್ಯಾಪ್ ಇಟ್ಟು, ಅದರ ಎರಡು ತುದಿಗೆ ಮಾತ್ರ ಒಂದೊಂದು ತೊಟ್ಟು ಅಂಟು ಹಾಕಿ. ನಡುವೆ ಅಂಟಿಸಿದರೆ ಅದು ಜಾರುವುದಿಲ್ಲ, ಸಿಡಿಯುವುದೂ ಇಲ್ಲ.

3. ಸುಮಾರು 10 ಸೆಂ.ಮೀ. ಉದ್ದದ ಒಂದು ಕೊಳವೆಯನ್ನು ಹಾಳೆಯ ಮಧ್ಯದಲ್ಲಿಡಿ. ಇನ್ನೊಂದನ್ನು ಎರಡು ತುಂಡು ಮಾಡಿ, ಅಕ್ಕಪಕ್ಕ 2 ಸೆಂ.ಮೀ. ಜಾಗ ಬಿಟ್ಟು ಒಂದೊಂದು ತುಂಡು ಇಡಿ.

4. ಬಿಗಿಯಾಗಿ ಸುತ್ತಿ ಅಂಚಿಗೆ ಅಂಟು ಹಚ್ಚಿ. ಪೂರ್ತಿ ಒಣಗಲಿ.

5. ಖಾಲಿ ಬಿಟ್ಟ ಒಂದು ಜಾಗಕ್ಕೆ ದಾರ ಸುತ್ತಿ, ನಿಧಾನವಾಗಿ ಎಳೆದು ಸೊಂಟ ಹಿಡಿದಂತೆ ಮಾಡಿ ಗಂಟು ಹಾಕಿ. ಇನ್ನೊಂದು ಕಡೆಯಿಂದ ಕಿರೀಟ, ಚೀಟಿ, ಉಡುಗೊರೆ ಹಾಕಿ ಆ ಕಡೆಯನ್ನೂ ಕಟ್ಟಿ.

ಕಿರೀಟಕ್ಕೆ ಗಾಳಿಪಟದ ತೆಳು ಬಣ್ಣದ ಕಾಗದ ಅತ್ಯುತ್ತಮ. 60 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಪಟ್ಟಿ ಮಡಚಿ, ಒಂದು ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ತುದಿಗಳನ್ನು ಅಂಟಿಸಿದರೆ ಮುಗಿಯಿತು. ಎಳೆಯುವಾಗ ಕ್ರ್ಯಾಕರನ್ನು ಮುಖದಿಂದ ದೂರ ಹಿಡಿಯಿರಿ, ಕಾಗದದ ಜೊತೆ ಸ್ನ್ಯಾಪಿನ ತುದಿಯೂ ಬೆರಳಿಗೆ ಸಿಗುವಂತೆ ಗಟ್ಟಿಯಾಗಿ ಹಿಡಿಯಿರಿ.

ಜೋಕು ಕೆಟ್ಟದಾಗಿರಲೇಬೇಕು

ಇಂಗ್ಲಿಷಿನ ಕ್ರ್ಯಾಕರ್ ಜೋಕುಗಳೆಲ್ಲ ಪದಗಳ ಆಟ. ಕನ್ನಡಕ್ಕೆ ತಂದರೆ ಸಪ್ಪೆ. ಅದರ ಬದಲು ನಮ್ಮದೇ ಬರೆದೆವು. “ಕಾಲಿದ್ದರೂ ನಡೆಯದ್ದು ಯಾವುದು? ಕಾಲು ಕೇಜಿ ಕಡಲೆಕಾಯಿ.” “ಬೆಳಿಗ್ಗೆ ಆರಕ್ಕೆ ಏಳೋಕೆ ಯಾಕಾಗಲ್ಲ? ಆರು ಯಾವತ್ತೂ ಏಳಾಗಲ್ಲ.” ನರಳಿದಿರಾ? ಹಾಗಾದರೆ ಜೋಕು ಪಾಸು. ಒಳ್ಳೆಯ ಜೋಕಿಗೆ ಕೆಲವರು ನಗುತ್ತಾರೆ, ಕೆಲವರಿಗೆ ಅರ್ಥವಾಗುವುದಿಲ್ಲ. ಕೆಟ್ಟ ಜೋಕಿಗೆ ಇಡೀ ಮೇಜು ಒಟ್ಟಿಗೆ ಅಯ್ಯೋ ಅನ್ನುತ್ತೆ. ಆಗ ಯಾರೂ ಹೊರಗಿನವರಾಗಿ ಉಳಿಯುವುದಿಲ್ಲ.

ಇನ್ನೊಂದು ತುದಿ ಯಾರದ್ದು?

ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ, ಲಂಡನ್ನಿನ ಮೆಟ್ರೊ ಕೂಡ ಬಂದ್. ಅಂಗಡಿಗಳಿಗೆ ಬೀಗ, ರಸ್ತೆ ಖಾಲಿ. ಮನೆ ತುಂಬ ಜನ ಇದ್ದವರಿಗೆ ಅದು ಹಬ್ಬ. ಯಾರೂ ಇಲ್ಲದವರಿಗೆ ಅಷ್ಟು ಉದ್ದದ ದಿನ ವರ್ಷದಲ್ಲಿ ಇನ್ನೊಂದಿಲ್ಲ.

ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸಿಗೆ ನಮ್ಮ ಮೇಜಿನ ಮೇಲಿನ ಕಾಗದದ ರಾಶಿ ಕಂಡಿತು. ಒಳಗೆ ಹೋಗಿ ಒಂದು ಪೆಟ್ಟಿಗೆ ತಂದುಕೊಟ್ಟರು. ಆರರಲ್ಲಿ ನಾಲ್ಕು ಕ್ರ್ಯಾಕರ್ ಉಳಿದಿದ್ದವು. ಹಿಂದಿನ ಕ್ರಿಸ್‌ಮಸ್‌ನಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಎರಡನ್ನು ಎಳೆದಿದ್ದರಂತೆ. ವಸಂತದಲ್ಲಿ ಗಂಡ ತೀರಿಕೊಂಡರು. “ನೀವೇ ಇಟ್ಟುಕೊಳ್ಳಿ, ಒಬ್ಬಳೇ ಇದನ್ನು ಎಳೆಯೋಕೆ ಬರೋದಿಲ್ಲ” ಅಂದರು. ದುಃಖ ತೋಡಿಕೊಳ್ಳುವ ಹಾಗಲ್ಲ, ವಸ್ತುವನ್ನು ಬಳಸುವ ವಿಧಾನ ಹೇಳುವ ಹಾಗೆ ಹೇಳಿದರು.

ಅವರನ್ನು ನಮ್ಮ ಮನೆಗೇ ಊಟಕ್ಕೆ ಕರೆದೆವು. ಬಿಸಿಬೇಳೆಬಾತ್, ಬೂಂದಿ, ಅವರು ತಂದ ಪುಡಿಂಗ್. ಎಲ್ಲರೂ ಕೈಗಳನ್ನು ಎದೆಯ ಮುಂದೆ ಅಡ್ಡಲಾಗಿ ಹಿಡಿದು, ಸುತ್ತಲೂ ಒಬ್ಬರಿಗೊಬ್ಬರು ಕ್ರ್ಯಾಕರಿನ ತುದಿ ಕೊಟ್ಟು, ಒಂದೇ ಸಲ ಎಳೆಯುವ ಪದ್ಧತಿ ಇದೆ ಅಂತ ಅವರೇ ಕಲಿಸಿದರು. ಅವರ ಹೆಸರು ಬರೆದ ಕ್ರ್ಯಾಕರಿನ ಚೀಟಿಯಲ್ಲಿ ನಾವು ಜೋಕು ಇಟ್ಟಿರಲಿಲ್ಲ. ‘ಜನವರಿಯ ಪ್ರತಿ ಭಾನುವಾರ ಸಂಜೆ 4ಕ್ಕೆ ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ’ ಅಂತ ಬರೆದಿದ್ದೆವು. ಓದಿ ಮಡಚಿ ಪರ್ಸಿಗೆ ಹಾಕಿಕೊಂಡರು. ನಾಲ್ಕು ಭಾನುವಾರವೂ ಬಂದರು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಓದುತ್ತಿದ್ದರೆ ಸ್ನ್ಯಾಪ್ ಹುಡುಕಿಕೊಂಡು ಅಲೆಯಬೇಡಿ. ಟಾಮ್ ಸ್ಮಿತ್‌ನ ಮೊದಲ ಪೊಟ್ಟಣದಲ್ಲೂ ಸದ್ದಿರಲಿಲ್ಲ. ಎಳೆಯುವಾಗ ಇಬ್ಬರೂ ಸೇರಿ ‘ಢಂ’ ಅಂದರೆ ಆಯಿತು, ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಕ್ರಿಸ್‌ಮಸ್ಸೇ ಆಗಬೇಕೆಂದಿಲ್ಲ, ಹುಟ್ಟುಹಬ್ಬಕ್ಕೂ ಆಗುತ್ತೆ, ಆಫೀಸಿನ ಸೀಕ್ರೆಟ್ ಸ್ಯಾಂಟಾಗೂ ಆಗುತ್ತೆ. ಒಳಗೆ ಏಲಕ್ಕಿ, ಹೂವಿನ ಬೀಜ, ಹಳೆಯ ಫೋಟೊ, ಕೊಬ್ಬರಿ ಮಿಠಾಯಿ, ಏನಾದರೂ ಇರಲಿ. ಕಾಗದಕ್ಕೆ ಕತ್ತರಿ ಹಾಕುವ ಮುಂಚೆ ಇನ್ನೊಂದು ತುದಿ ಯಾರ ಕೈಯಲ್ಲಿರುತ್ತೆ ಅನ್ನುವುದನ್ನು ಮಾತ್ರ ತೀರ್ಮಾನ ಮಾಡಿಕೊಳ್ಳಿ. ಮತ್ತೆ ದಯವಿಟ್ಟು, ಅವರ ಹೆಸರನ್ನು ಮೇಲೆ ಬರೆಯಿರಿ.