ಗಿಟಾರ್ ಕೊಳ್ಳುವ ಮುನ್ನ ತಂತಿ ಅಳೆಯಿರಿ

‘ಬೆಳೆಯೋ ಮಕ್ಕಳು, ಎರಡಂಗುಲ ದೊಡ್ಡದೇ ಇರಲಿ’ ಎಂದು ದರ್ಜಿಗೆ ಹೇಳುವುದು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೂ ತಂದೆತಾಯಂದಿರ ವಾಡಿಕೆ. ಯೂನಿಫಾರಮ್ಮಿಗೆ ಇದು ಸರಿ. ಗಿಟಾರಿಗೂ ಇದೇ ಲೆಕ್ಕ ಹಾಕಿದರೆ ಬೆರಳು ನೊಂದು, ವಾದ್ಯ ಅಟ್ಟ ಸೇರುತ್ತದೆ. ‘ಇವನಿಗೆ ಸಂಗೀತ ಒಲಿಯಲಿಲ್ಲ’ ಎಂಬ ಮಾತು ಮಗುವಿನ ತಲೆಗೆ ಬರುತ್ತದೆ!

ವೀಣೆಯ ಮಾತಿನಲ್ಲಿ ಹೇಳುವುದಾದರೆ, ಮೇರುವಿನಿಂದ ಕುದುರೆಯವರೆಗೆ ಮಿಡಿಯುವ ತಂತಿಯ ಉದ್ದವೇ ‘ಸ್ಕೇಲ್ ಲೆಂತ್’. ದೊಡ್ಡವರ ಕ್ಲಾಸಿಕಲ್ ಗಿಟಾರಿನಲ್ಲಿ ಇದು ಸಾಮಾನ್ಯವಾಗಿ 650 ಮಿ.ಮೀ.; ಮುಕ್ಕಾಲು ಅಳತೆಯದರಲ್ಲಿ ಸುಮಾರು 580. ಮೊದಲ ನಾಲ್ಕು ಮೆಟ್ಟಿಲು ದಾಟಲು ದೊಡ್ಡದರಲ್ಲಿ 134 ಮಿ.ಮೀ., ಚಿಕ್ಕದರಲ್ಲಿ 120. ಪುಟ್ಟ ಕೈಗೆ ಈ 14 ಮಿ.ಮೀ. ದೊಡ್ಡ ದೂರವೇ.

ಇನ್ನು ಬಿಗಿತ. ಪಾಂಡವಪುರ, ಕೆ.ಆರ್. ಪೇಟೆಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಸೋನೋಮೀಟರ್ ನೆನೆಯಲಿ: ತಂತಿಯೂ ಶ್ರುತಿಯೂ ಅದೇ ಆಗಿದ್ದರೆ, ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 650ರಿಂದ 580ಕ್ಕೆ ಇಳಿದರೆ ಬಿಗಿತ ಸುಮಾರು ಶೇ. 20ರಷ್ಟು ಕಡಿಮೆ. ತಂತಿ ಒತ್ತುವುದು ಅಷ್ಟು ಹಗುರ.

ನಾದವೂ ಬದಲಾಗುತ್ತದೆ. ಉದ್ದ ತಂತಿಯದು ಹೆಚ್ಚು ಸ್ಪಷ್ಟ, ಗಿಡ್ಡದ್ದು ಮೃದು. ತೀರಾ ಸಡಿಲವಾದರೆ ಮಂದ್ರದ ತಂತಿ ಮೆಟ್ಟಿಲಿಗೆ ತಾಗಿ ಕರಕರ ಎನ್ನುತ್ತದೆ. ಆಗ ಕೊಂಚ ದಪ್ಪ ತಂತಿ ಹಾಕಿಸಬೇಕು.

ಪಿಟೀಲು ಕಲಿಯುವ ಮಕ್ಕಳಿಗೆ ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳುಂಟಲ್ಲ, ಗಿಟಾರಿಗೂ ಅದೇ ನ್ಯಾಯ. ಕೊಳ್ಳಲು ಹೊರಟಾಗ ಮಗುವನ್ನೂ ಕರೆದೊಯ್ಯಿರಿ. ಅಂಗಡಿಯಲ್ಲೇ ಕೂರಿಸಿ, ಮೊದಲ ನಾಲ್ಕು ಮೆಟ್ಟಿಲಿಗೆ ನಾಲ್ಕು ಬೆರಳು ಇಡಿಸಿ ನೋಡಿ. ಮುಖ ಕಿವುಚಿದರೆ ಚಿಕ್ಕದನ್ನೇ ಆರಿಸಿ. ಕೈ ಬೆಳೆದ ಮೇಲೆ ದೊಡ್ಡದು ಇದ್ದೇ ಇದೆ.