ಸಂಪರ್ಕ ಕಡಿದರೂ ಸಾಗುವ ಗಣನೆ

ದೂರದ ಊರಿನ ಗಣಕಯಂತ್ರವೊಂದನ್ನು ನಮ್ಮ ಮೇಜಿನ ಬಳಿ ಕುಳಿತೇ ನಡೆಸುವುದು ಇಂದು ಸಾಮಾನ್ಯ ಸಂಗತಿ. ನಾವು ಕೀಲಿಮಣೆಯ ಮೇಲೆ ಒತ್ತಿದ ಅಕ್ಷರಗಳು ಜಾಲದ ಮೂಲಕ ಅಲ್ಲಿಗೆ ತಲಪುತ್ತವೆ; ಅದರ ಉತ್ತರ ನಮ್ಮ ಪರದೆಯ ಮೇಲೆ ಮೂಡುತ್ತದೆ. ಈ ಸಂಭಾಷಣೆಯ ಸಾಧನಕ್ಕೆ ಟರ್ಮಿನಲ್ ಎಂದು ಹೆಸರು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ಎಂಬವರು ರಚಿಸಿದ ಎಸ್.ಎಸ್.ಎಚ್. ವಿಧಾನವು ಅಕ್ಷರಗಳನ್ನು ಗೂಢಲಿಪಿಯಾಗಿ ಮಾರ್ಪಡಿಸಿ ಸಾಗಿಸುತ್ತದೆ. ಗುಟ್ಟನ್ನು ಕಾಪಾಡುವ ಈ ವಿಧಾನವೂ ಸಂಪರ್ಕವೇ ಕಡಿದುಹೋದರೆ ಏನನ್ನೂ ಮಾಡಲಾರದು.

ಮೂರು ದಿನ ಹಿಡಿಯುವ ಗಣನೆಯೊಂದನ್ನು ಹೀಗೆ ಆರಂಭಿಸಿದೆವೆನ್ನೋಣ. ಎರಡನೆಯ ರಾತ್ರಿ ನಮ್ಮ ಮನೆಯ ವಿದ್ಯುತ್ತು ಹೋಯಿತು. ದೂರದ ಯಂತ್ರಕ್ಕೆ ಯಾವ ಬಾಧೆಯೂ ಇಲ್ಲ. ಆದರೂ ಸಾಮಾನ್ಯವಾಗಿ ಗಣನೆ ಅಲ್ಲಿಗೇ ಕೊನೆಗಾಣುತ್ತದೆ. ಇದಕ್ಕೆ ಕಾರಣವೇನು? ಹಿಂದೆ ಯೂನಿಕ್ಸ್ ಯಂತ್ರಗಳನ್ನು ದೂರದಿಂದ ಬಳಸುವವರು ದೂರವಾಣಿಯ ತಂತಿಯನ್ನು ಅವಲಂಬಿಸಿದ್ದರು. ಕರೆ ಮುಗಿದೊಡನೆ ಆ ಟರ್ಮಿನಲ್ಲಿಗೆ ಸೇರಿದ ಕಾರ್ಯಕ್ರಮಗಳಿಗೆ ‘ಕರೆ ಕಡಿಯಿತು’ ಎಂಬ ಸೂಚನೆ ಹೋಗುತ್ತಿತ್ತು. ಸೂಚನೆಗಳ ಪಟ್ಟಿಯಲ್ಲಿ ಇದರ ಸಂಖ್ಯೆ 1. ಬೇರೆ ಏರ್ಪಾಡಿಲ್ಲದ ಕಾರ್ಯಕ್ರಮ ಇದನ್ನು ಪಡೆದೊಡನೆ ನಿಂತುಬಿಡುತ್ತದೆ. ದೂರವಾಣಿಯ ಬದಲು ಅಂತರಜಾಲ ಬಂದರೂ ಈ ನಿಯಮ ಹಾಗೆಯೇ ಉಳಿದಿದೆ.

ಇದಕ್ಕೆ ಪರಿಹಾರವನ್ನು ಒದಗಿಸಿದ್ದು ‘ಸ್ಕ್ರೀನ್’ ಎಂಬ ತಂತ್ರಾಂಶ. ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಇದನ್ನು 1987ರಲ್ಲಿ ಪ್ರಕಟಿಸಿದರು. 2007ರಲ್ಲಿ ನಿಕೊಲಸ್ ಮ್ಯಾರಿಯಟ್ ಅವರ ‘ಟೀಮಕ್ಸ್’ ಬಂದಿತು. ಇವು ದೂರದ ಯಂತ್ರದೊಳಗೇ ತೋರಿಕೆಯ ಟರ್ಮಿನಲ್ಲುಗಳನ್ನು ನಿರ್ಮಿಸುತ್ತವೆ. ಗಣನೆಯ ಕಾರ್ಯಕ್ರಮಕ್ಕೆ ಅದೇ ನಿಜವಾದ ಟರ್ಮಿನಲ್. ನಾವು ಅದನ್ನು ಹೊರಗಿನಿಂದ ನೋಡುವವರು ಮಾತ್ರ. ಒಳಮನೆಯಲ್ಲಿ ಮಗ್ಗ ನಡೆಯುತ್ತಿರುವಾಗ ಕಿಟಕಿ ಮುಚ್ಚಿಕೊಂಡರೆ ನೇಯ್ಗೆ ನಿಲ್ಲುವುದೇ? ಹಾಗೆಯೇ, ಸಂಪರ್ಕ ಕಡಿದಾಗ ಆ ಸೂಚನೆ ಹೊರಗಿನ ಕಿಟಕಿಗೆ ಮಾತ್ರ ತಟ್ಟುತ್ತದೆ. ಒಳಗಿನ ಗಣನೆ ಮುಂದುವರಿಯುತ್ತದೆ.

ಇನ್ನೊಂದು ಅನುಕೂಲವೂ ಉಂಟು. ಒಂದೇ ಪ್ರವೇಶದಲ್ಲಿ ಇಂತಹ ಹಲವು ಟರ್ಮಿನಲ್ಲುಗಳನ್ನು ಇಟ್ಟುಕೊಳ್ಳಬಹುದು: ಒಂದರಲ್ಲಿ ಗಣನೆ, ಮತ್ತೊಂದರಲ್ಲಿ ಸ್ಮೃತಿಯ ಬಳಕೆಯ ಲೆಕ್ಕ, ಮೂರನೆಯದರಲ್ಲಿ ಬರವಣಿಗೆ. ಟೀಮಕ್ಸಿನಲ್ಲಿ ಕಂಟ್ರೋಲ್ ಕೀಲಿಯೊಡನೆ ‘ಬಿ’ಯನ್ನು ಒತ್ತಿ, ಬಳಿಕ ‘ಸಿ’ಯನ್ನು ಒತ್ತಿದರೆ ಹೊಸ ಕಿಟಕಿ ತೆರೆಯುತ್ತದೆ; ‘ಸಿ’ಯ ಬದಲು ‘ಡಿ’ಯನ್ನು ಒತ್ತಿದರೆ ನಾವು ಹೊರಬರುತ್ತೇವೆ, ಕೆಲಸ ಒಳಗೆ ಉಳಿಯುತ್ತದೆ. ಮರುದಿನ ಬೇರೊಂದು ಯಂತ್ರದಿಂದ ಪ್ರವೇಶಿಸಿ ‘ಟೀಮಕ್ಸ್ ಅಟ್ಯಾಚ್’ ಎಂದು ಆಜ್ಞಾಪಿಸಿದರೆ ಎಲ್ಲವೂ ಬಿಟ್ಟಲ್ಲಿಂದಲೇ ದೊರೆಯುತ್ತವೆ.

ಆದರೆ ಇದರ ಮಿತಿಯನ್ನೂ ಅರಿತಿರಬೇಕು. ಈ ಟರ್ಮಿನಲ್ಲುಗಳು ಇರುವುದು ದೂರದ ಯಂತ್ರದ ಸ್ಮೃತಿಯಲ್ಲಿ. ಆ ಯಂತ್ರವೇ ನಿಂತು ಮತ್ತೆ ಹೊರಟರೆ ಎಲ್ಲವೂ ಅಳಿದುಹೋಗುತ್ತವೆ. ಆದುದರಿಂದ ದೀರ್ಘವಾದ ಗಣನೆಯನ್ನು ಕೈಗೊಳ್ಳುವವರು, ನಡುನಡುವಿನ ಫಲಿತಾಂಶಗಳನ್ನು ಆಗಾಗ ಡಿಸ್ಕಿನಲ್ಲಿ ಬರೆದಿಡುವಂತೆ ಕಾರ್ಯಕ್ರಮವನ್ನು ರಚಿಸುವುದು ಅಗತ್ಯ.