ಬಿಗಿದ ಹಗ್ಗದ ಹತ್ತಿರ ನಿಲ್ಲಬೇಡಿ

ಪಾವಗಡ ತಾಲ್ಲೂಕಿನ ನಮ್ಮ ತಿರುಮಣಿ ಸೋಲಾರ್ ಪಾರ್ಕಿನ ಊರು. ಸಮುದ್ರ ಬಲು ದೂರ. ಆದ್ರೂ ನನ್ನ ಚಿಕ್ಕಪ್ಪನ ಮಗ ಡೆಕ್ ಕೆಡೆಟ್ ಆಗಿ ಹಡಗು ಹತ್ತಲು ಹೊರಟಿದ್ದಾನೆ. "ನಡುಸಮುದ್ರದಲ್ಲಿ ಬಿರುಗಾಳಿ ಬಂದ್ರೆ ಏನಪ್ಪಾ ಗತಿ?" ಅನ್ನೋದು ಚಿಕ್ಕಮ್ಮನ ಚಿಂತೆ. ನನಗೆ ಭಯ ಇರೋದು ಬಂದರಿನ ಹಗ್ಗದ ಬಗ್ಗೆ.

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗನ್ನು ಟಗ್‌ಗಳು ಧಕ್ಕೆಯತ್ತ ತಳ್ಳುತ್ತವೆ. ಆಮೇಲೆ ದಪ್ಪ ಹಗ್ಗಗಳನ್ನು ದಡದ ಬೊಲಾರ್ಡ್‌ಗೆ ಹಾಕಿ ವಿಂಚ್‌ನಿಂದ ಬಿಗಿಯುತ್ತಾರೆ. ನೈಲಾನ್‌ನಂಥ ಹಗ್ಗ ಎಳೆದಷ್ಟೂ ಹಿಗ್ಗುತ್ತೆ. ಆ ಶಕ್ತಿಯೆಲ್ಲ ಒಳಗೇ ಕೂತಿರುತ್ತೆ. ತುಂಡಾದರೆ ರಬ್ಬರ್ ಬ್ಯಾಂಡಿನ ಹಾಗೆ ಚಿಮ್ಮುತ್ತೆ. ತಪ್ಪಿಸಿಕೊಳ್ಳಲು ಸಮಯವೇ ಸಿಗದು. ಇದೇ 'ಸ್ನ್ಯಾಪ್ ಬ್ಯಾಕ್'.

2015ರಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ 'ಜರ್ಗಾ' ಎಂಬ ಎಲ್‌ಎನ್‌ಜಿ ಹಡಗನ್ನು ಕಟ್ಟುವಾಗ ಹಗ್ಗ ತುಂಡಾಗಿ ಅಧಿಕಾರಿಯೊಬ್ಬರ ತಲೆಗೆ ಭಾರಿ ಪೆಟ್ಟಾಯಿತು. ಅವರು ನಿಂತಿದ್ದ ಜಾಗವನ್ನು ಅಪಾಯದ ವಲಯ ಅಂತ ಗುರುತಿಸಿರಲಿಲ್ಲ. ರೋಲರ್ ಸುತ್ತಿ ಬಂದ ಹಗ್ಗ ಎತ್ತ ಚಿಮ್ಮುತ್ತೋ ಹೇಳೋಕಾಗಲ್ಲ. ಹಾಗಾಗಿ ಡೆಕ್ ಮೇಲೆ ಬಳಿದ ಗೆರೆಯನ್ನಷ್ಟೇ ನಂಬಬಾರದು. ಹಗ್ಗ ಬಿಗಿದಿರುವಷ್ಟು ಹೊತ್ತು ಅಲ್ಲಿನ ಇಡೀ ಡೆಕ್ ಅಪಾಯವೇ.

2024ರ ಜನವರಿ 1ರಿಂದ ಹಳೆಯ ಹಡಗುಗಳಲ್ಲೂ ಈ ಹಗ್ಗಗಳ ತಪಾಸಣೆ, ನಿರ್ವಹಣೆಯನ್ನು ಅಂತರರಾಷ್ಟ್ರೀಯ ಸೋಲಾಸ್ ನಿಯಮ ಕಡ್ಡಾಯ ಮಾಡಿದೆ.

ತಮ್ಮನಿಗೆ ನಾನು ಹೇಳಿದ್ದಿಷ್ಟು: ಹಗ್ಗದ ಸುರುಳಿಯೊಳಗೆ ಕಾಲಿಡಬೇಡ. ಬಿಗಿದ ಹಗ್ಗ ದಾಟಬೇಡ. ಬಿಚ್ಚುವಾಗ ಪೂರ್ತಿ ಸಡಿಲ ಆಗೋವರೆಗೂ ಮುಟ್ಟಬೇಡ. ಸವೆದ ಹಗ್ಗ ಕಂಡರೆ, ಹೊಸಬ ಅಂತ ಸಂಕೋಚಪಡದೆ, ತಕ್ಷಣ ಮೇಲಿನವರಿಗೆ ಹೇಳು.